ಗೂಡಿನ ಗುಟ್ಟು ಯಾರಿಗೆ ಹೇಳಬೇಕು?

ಮಾರ್ಚ್ ಮೊದಲ ವಾರದ ಮಾತು. ಅವ್ವ ಮಾಳಿಗೆ ಮೇಲೆ ಹಳೇ ಸೀರೆ ಹಾಸಿ ಶಾವಿಗೆ ಒಣಹಾಕಿದ್ದಳು. ಬೆಳಿಗ್ಗೆ ಏಳರ ಹೊತ್ತಿಗೆ ನೋಡಿದರೆ ಅದರ ತುಂಬ ಹಸಿರು ಪುಕ್ಕ. ಗಿಳಿಯವು. ಬಾಲದ ಉದ್ದ ಗರಿ ಎರಡು, ಎದೆಯ ಸಣ್ಣ ಪುಕ್ಕ ಒಂದು ಹಿಡಿಯಷ್ಟು, ಆಚೆ ಮೂಲೆಯಲ್ಲಿ ಕೆಂಪು ಕೊಕ್ಕಿನ ಸಮೇತ ಅರ್ಧ ತಲೆ. "ಈ ಬೆಕ್ಕಿನ ಕಾಲಾಗ ಸಾಕಾಗ್ಯದ" ಎಂದು ಅವ್ವ ಬೈಯತೊಡಗಿದಳು. ನಾನೊಂದು ಗರಿ ಎತ್ತಿ ನೋಡಿದೆ. ಬುಡ ಸರಿಯಾಗಿತ್ತು, ಚರ್ಮದಿಂದ ಹಾಗೇ ಕಿತ್ತು ಬಂದಿತ್ತು. ಬೆಕ್ಕಾದರೆ ಗರಿಯ ದಂಟನ್ನು ಕಚ್ಚಿ ಮುರಿಯುತ್ತದೆ. ಹೀಗೆ ಒಂದೊಂದೇ ಕೀಳುವುದು ಬೇಟೆ ಹಕ್ಕಿಯ ಕೊಕ್ಕು. ತಲೆ ಎತ್ತಿ ಸುತ್ತ ನೋಡಿದೆ. ದೂರದ ಎತ್ತರದ ಅಂಚೊಂದರ ಮೇಲೆ ಅದು ಕೂತಿತ್ತು, ಕರಿ ಟೊಪ್ಪಿಗೆ ಹಾಕಿಕೊಂಡವರ ಹಾಗೆ.

ಯಾವ ಅಂಚು ಎಂದು ಕೇಳಬೇಡಿ. ಕಲಬುರಗಿ ನಗರ, ಅಷ್ಟು ಸಾಕು. ನೀರಿನ ಟಾಕಿಯೋ, ಮೊಬೈಲ್ ಟವರೋ, ಹಳೇ ಗುಮ್ಮಟವೋ, ಹೊಸ ಅಪಾರ್ಟ್‌ಮೆಂಟಿನ ನೆತ್ತಿಯೋ, ನಾನು ಬರೆಯುವುದಿಲ್ಲ. ಬರೆಯದಿರುವುದಕ್ಕೆ ಕಾರಣವಿದೆ. ಆದರೆ ಆ ಗೂಡಿನ ಕೆಳಗಿನ ಓಣಿಯಲ್ಲಿ ನಾನೇ ನಾಲ್ಕು ಮಂದಿಗೆ ಅದನ್ನು ಬೆರಳು ಮಾಡಿ ತೋರಿಸಿದ್ದೇನೆ. ಅದಕ್ಕೂ ಕಾರಣವಿದೆ. ಊರೊಳಗೆ ಗೂಡು ಕಟ್ಟುವ ಬೇಟೆ ಹಕ್ಕಿಗಳ ವಿಷಯದಲ್ಲಿ ಈಗ ನಮ್ಮ ಎದುರು ಇರುವ ತಕರಾರು ಇದೇ. ಫೋನಿನಲ್ಲೇ ಫೋಟೋ, ಫೋನಿನಲ್ಲೇ ನಕ್ಷೆ ಇರುವ ಕಾಲದಲ್ಲಿ ಗೂಡಿನ ಸುದ್ದಿ ಯಾರಿಗೆ ಹೋಗಬೇಕು, ಯಾರಿಗೆ ಹೋಗಬಾರದು?

ಮೊದಲು ಹಕ್ಕಿಯ ಗುರುತು. ನಮ್ಮ ಕಡೆ ಕೊಕ್ಕು ಬಾಗಿದ್ದು ಯಾವುದು ಮೇಲೆ ಹಾರಿದರೂ ಅದು ಹದ್ದೇ. ಮಾರ್ಕೆಟ್ಟಿನ ಮೇಲೆ ಗುಂಪಾಗಿ ಸುತ್ತುವ, ಬಾಲ ಕವಲೊಡೆದ ಕಂದು ಹಕ್ಕಿ ನಿಜವಾಗಿ ಹದ್ದು. ಹೊಲದ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತ ಇಲಿ ಹುಡುಕುವುದು ಕೆಸ್ಟ್ರೆಲ್. ಬೇವಿನ ಮರಗಳ ನಡುವೆ ನುಸುಳಿ ಓತಿಕ್ಯಾತ ಎತ್ತಿಕೊಂಡು ಹೋಗುವುದು ಶಿಕ್ರಾ. ನಾನು ನೋಡಿದ್ದು ಪೆರೆಗ್ರಿನ್ ಫಾಲ್ಕನ್, ಅದರಲ್ಲೂ ನಮ್ಮ ದೇಶದಲ್ಲೇ ಇದ್ದು ಇಲ್ಲೇ ಮರಿ ಮಾಡುವ ಶಾಹೀನ್. ಪೆರೆಗ್ರಿನ್ ಎಂದರೆ ಲ್ಯಾಟಿನ್ನಿನಲ್ಲಿ ಅಲೆಮಾರಿ. ಆ ಹೆಸರಿಗೆ ತಕ್ಕ ಅದರ ದಾಯಾದಿಗಳು ಉತ್ತರ ಧ್ರುವದ ಬಯಲಿನಿಂದ ಚಳಿಗಾಲಕ್ಕೆ ನಮ್ಮಲ್ಲಿಗೆ ಬಂದು, ಬಿಸಿಲೇರುವ ಹೊತ್ತಿಗೆ ವಾಪಸಾಗುತ್ತವೆ. ಅವುಗಳ ಎದೆ ಬಿಳಿ, ಕೆನ್ನೆಯ ಮೇಲೊಂದು ಬಿಳಿ ಪಟ್ಟೆ. ಶಾಹೀನ್ ಅದಕ್ಕಿಂತ ಚಿಕ್ಕದು, ಬೆನ್ನು ಗಾಢ ಬೂದು, ತಲೆ ಪೂರ್ತಿ ಕಪ್ಪು, ಎದೆಯಿಂದ ಕೆಳಗೆ ಇಟ್ಟಂಗಿಯ ಕೆಂಪು. ಜೋಡಿಯಲ್ಲಿ ದೊಡ್ಡದು ಹೆಣ್ಣು. ಗಂಡು ಅದಕ್ಕಿಂತ ಮೂರನೇ ಒಂದು ಪಾಲು ಚಿಕ್ಕದು. ಎರಗುವಾಗಿನ ವೇಗ ಗಂಟೆಗೆ 300 ಕಿ.ಮೀ. ಮೀರುತ್ತದೆ ಎಂಬುದು ಶಾಲೆ ಮಕ್ಕಳಿಗೂ ಗೊತ್ತಿರುವ ಸಂಗತಿ, ಅದನ್ನಿಲ್ಲಿ ಬೆಳೆಸುವುದಿಲ್ಲ.

ಈ ಸೀಮೆಗೆ ಹಕ್ಕಿ ಹೊಸದಲ್ಲ, ಅದರ ಮೇಲಿನ ಮೋಹವೂ ಹೊಸದಲ್ಲ. ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ರಾಜರ ವಿನೋದಗಳ ದೊಡ್ಡ ಭಾಗವೇ ಇದೆ. ಅದರಲ್ಲಿ ಪಾರಿವಾಳದ ವಿನೋದವೂ ಇದೆ, ಡೇಗೆಯ, ಅಂದರೆ ಬೇಟೆಗೆ ಬಿಡುವ ಹಕ್ಕಿಯ ವಿನೋದವೂ ಇದೆ. ತಿನ್ನುವವನಿಗೂ ತಿನಿಸಿಗೂ ಒಂದೇ ಪುಸ್ತಕದಲ್ಲಿ ಜಾಗ ಕೊಟ್ಟಿದ್ದಾರೆ. ವಿಜಯನಗರವನ್ನು ಆಳಿದ ಸಾಳುವರ ಹೆಸರಿನಲ್ಲಿರುವ ಸಾಳುವ ಎಂಬುದು ಬೇಟೆಗೆ ಪಳಗಿಸಿದ ಗಿಡುಗವೇ. ಇಷ್ಟಿದ್ದೂ ಇವತ್ತು ಒಂದು ಶಾಹೀನ್ ಎದುರು ಬಂದು ಕೂತರೆ ಹೆಸರು ಹಿಡಿದು ಕರೆಯಬಲ್ಲವರು ಊರಿನಲ್ಲಿ ಕೆಲವರೇ. ಆ ಕೆಲವರು ಯಾರು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಕಡ್ಡಿ ತರುವುದಿಲ್ಲ, ಹುಲ್ಲು ತರುವುದಿಲ್ಲ. ಕಡಿದಾದ ಬಂಡೆಯ ಅಂಚಿನಲ್ಲಿ ಸ್ವಲ್ಪ ಮಣ್ಣೋ ಹರಳೋ ಇದ್ದ ಕಡೆ ಎದೆಯಿಂದ ಒತ್ತಿ, ಕಾಲಿನಿಂದ ಕೆದರಿ ತಟ್ಟೆಯಷ್ಟು ತಗ್ಗು ಮಾಡಿಕೊಂಡು ಅದರಲ್ಲಿ ಮೂರೋ ನಾಲ್ಕೋ ಮೊಟ್ಟೆ ಇಡುತ್ತದೆ. ಹಾಗಾಗಿ ಅದಕ್ಕೆ ಬೇಕಿರುವುದು ಮರವಲ್ಲ, ಅಂಚು. ಎದುರಿಗೆ ಬಯಲು, ಹಿಂದೆ ಗೋಡೆ, ಕೆಳಗೆ ಯಾರೂ ಹತ್ತಲಾರದ ಎತ್ತರ. ಯಾದಗಿರಿಯ ಕೋಟೆ ನಿಂತಿರುವ ಕಲ್ಲಿನ ಗುಡ್ಡದಲ್ಲಿ ಅಂಥ ಅಂಚುಗಳಿಗೆ ಲೆಕ್ಕವಿಲ್ಲ. ಕಲಬುರಗಿ ಬಯಲು ಸೀಮೆ, ಕರಿ ಮಣ್ಣಿನ ಸಪಾಟು ನೆಲ. ಇಲ್ಲಿ ಬಂಡೆಯ ಕೆಲಸವನ್ನು ಮನುಷ್ಯ ಕಟ್ಟಿದ್ದು ಮಾಡುತ್ತದೆ. ಬಹಮನಿಯರ ಕೋಟೆ ಗೋಡೆ, ಸೇಡಂ-ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಗೋಪುರ, ಶಹಾಬಾದಿನ ಫರ್ಸಿ ತೆಗೆದು ಬಿಟ್ಟ ಆಳದ ಖಣಿಗಳ ನೆಟ್ಟಗಿನ ಮುಖ, ಇವೆಲ್ಲ ಹಕ್ಕಿಯ ಕಣ್ಣಿಗೆ ಬೆಟ್ಟವೇ. ಬ್ರಿಟನ್, ಐರ್ಲೆಂಡಿನಲ್ಲಿ ಪೆರೆಗ್ರಿನ್‌ಗಳು ಕಲ್ಲು ಖಣಿಗಳನ್ನು ಧಾರಾಳವಾಗಿ ಬಳಸುತ್ತವೆ. ಲಂಡನ್ನಿನಲ್ಲಿ ಹಳೇ ವಿದ್ಯುತ್ ಸ್ಥಾವರದ ಚಿಮಣಿ ಮೇಲೆ, ನ್ಯೂಯಾರ್ಕಿನಲ್ಲಿ ಸೇತುವೆಗಳ ಮೇಲೆ ಅವು ಮರಿ ಮಾಡುತ್ತವೆ. ನ್ಯೂಯಾರ್ಕ್ ನಗರವೊಂದರಲ್ಲೇ ಇಪ್ಪತ್ತಕ್ಕೂ ಹೆಚ್ಚು ಜೋಡಿಗಳಿವೆ.

ಊಟಕ್ಕಂತೂ ಊರೇ ಅನ್ನಛತ್ರ. ಪಾರಿವಾಳ ನಮ್ಮ ಊರುಗಳಲ್ಲಿ ಹೆಚ್ಚುತ್ತಲೇ ಇದೆ. ಕೋಟೆಯ ಬಿರುಕುಗಳಲ್ಲಿ ಗಿಳಿಗಳು ತುಂಬಿವೆ, ಗಿಳಿ ಎಂದರೆ ಶಾಹೀನ್‌ಗೆ ಪಂಚಪ್ರಾಣ. ಚಳಿಗಾಲದಲ್ಲಿ ಬಿಳಿ ಜೋಳ ಹಾಲುಗಾಳಾಗುವ ಹೊತ್ತಿಗೆ ಗುಲಾಬಿ ಮೈನಾಗಳ ಮೋಡಗಳೇ ಬರುತ್ತವೆ. "ಹಾಗಾದರೆ ಫಾಲ್ಕನ್ ಬಂದರೆ ಪಾರಿವಾಳದ ಕಾಟ ಮುಗಿಯಿತು" ಎಂದು ಖುಷಿಪಡುವ ಅಪಾರ್ಟ್‌ಮೆಂಟ್ ಸಂಘದವರು ಒಂದು ಸಣ್ಣ ಲೆಕ್ಕ ಹಾಕಬೇಕು. ಒಂದು ಪಾರಿವಾಳ ಸುಮಾರು 300 ಗ್ರಾಂ ತೂಗುತ್ತದೆ, ದೊಡ್ಡ ಫಾಲ್ಕನ್ ದಿನಕ್ಕೆ ಅದರ ಮೂರನೇ ಒಂದು ಪಾಲು ತಿಂದರೆ ಹೆಚ್ಚು. ಮರಿಗಳಿರುವ ಮನೆಗೂ ದಿನಕ್ಕೆ ಒಂದೆರಡು ಹಕ್ಕಿ ಸಾಕು. ಕಾಳು ಹಾಕುವ ಕೈ ನಿಲ್ಲದ ಊರಿನಲ್ಲಿ ಸಾವಿರಗಟ್ಟಲೆ ಪಾರಿವಾಳಕ್ಕೆ ಅದು ಯಾವ ಲೆಕ್ಕ?

ಇನ್ನು ಸುದ್ದಿ ಹೇಳುವ ಪ್ರಶ್ನೆ. ಇದರಲ್ಲಿ ಪಶ್ಚಿಮದ ಊರುಗಳು ಒಂದು ದಾರಿ ಹಿಡಿದಿವೆ. ಗೂಡಿಗೇ ಕ್ಯಾಮೆರಾ ಇಟ್ಟು ಇಪ್ಪತ್ನಾಲ್ಕು ಗಂಟೆ ಜಗತ್ತಿಗೆ ತೋರಿಸುತ್ತವೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಗಂಟೆಗೋಪುರದ ಮೇಲಿನ ಜೋಡಿಗೆ ಆನಿ, ಗ್ರಿನೆಲ್ ಎಂದು ಹೆಸರಿತ್ತು. ಅಲ್ಲಿ ಹರಳು ತುಂಬಿದ ತಟ್ಟೆ ಇಟ್ಟರು, ಕ್ಯಾಮೆರಾ ಇಟ್ಟರು, ಮರಿ ಮೊದಲ ಸಲ ಹಾರುವ ವಾರ ಕೆಳಗೆ ಸ್ವಯಂಸೇವಕರು ಕಾವಲು ನಿಂತರು. 2022ರ ಮಾರ್ಚ್ ಕೊನೆಗೆ ಗ್ರಿನೆಲ್ ರಸ್ತೆ ಬದಿ ಸತ್ತು ಬಿದ್ದಾಗ ಊರಿಗೆ ಊರೇ ಸೂತಕದಲ್ಲಿತ್ತು. ಕ್ಯಾಮೆರಾ ಬರುವುದಕ್ಕೂ ಬಹಳ ಮೊದಲೇ, 1936ರಿಂದ 1952ರವರೆಗೆ, ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ವಿಮಾ ಕಂಪನಿಯ ಎತ್ತರದ ಕಟ್ಟಡದ ಮೇಲೆ ಪೆರೆಗ್ರಿನ್‌ಗಳು ಸಂಸಾರ ಹೂಡಿದ್ದವು. ಬರೀ ಕಲ್ಲಿನ ಅಂಚಿನ ಮೇಲೆ ಮೊಟ್ಟೆ ನಿಲ್ಲುತ್ತಿರಲಿಲ್ಲ. ಹರಳಿನ ತಟ್ಟೆ ಇಟ್ಟ ಮೇಲೆ ಮರಿಗಳು ಹಾರಿದವು. ಎರಡು ಬುಟ್ಟಿ ಹರಳಿನಲ್ಲಿ ಆಗುವ ಕೆಲಸ ಇದು.

ಆದರೆ ಆ ಊರುಗಳಿಗೆ ಈ ಮುದ್ದು ಬಂದದ್ದು ಎಲ್ಲ ಕಳೆದುಕೊಂಡ ಮೇಲೆ. ಎರಡನೇ ಮಹಾಯುದ್ಧದ ನಂತರ ಹೊಲಗಳಿಗೆ ಡಿಡಿಟಿ ಎಂಬ ಕೀಟನಾಶಕ ಸುರಿದರು. ಹುಳದಿಂದ ಸಣ್ಣ ಹಕ್ಕಿಗೆ, ಸಣ್ಣ ಹಕ್ಕಿಯಿಂದ ಫಾಲ್ಕನ್‌ಗೆ ವಿಷ ಏರಿತು, ಕೊಬ್ಬಿನಲ್ಲಿ ಕೂತಿತು. ಅದು ಒಡೆದು ಆಗುವ ಡಿಡಿಇ ಎಂಬ ವಸ್ತು ಮೊಟ್ಟೆಯ ಚಿಪ್ಪಿಗೆ ಸುಣ್ಣ ಸೇರುವುದನ್ನು ತಡೆಯಿತು. ಕಾವು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯತೊಡಗಿದವು. 1960ರ ದಶಕದ ನಡುವಿನ ಹೊತ್ತಿಗೆ ಅಮೆರಿಕದ ಮಿಸಿಸಿಪಿ ನದಿಯ ಪೂರ್ವಕ್ಕೆ ಮರಿ ಮಾಡುವ ಪೆರೆಗ್ರಿನ್ ಒಂದೂ ಉಳಿದಿರಲಿಲ್ಲ. ಅಲ್ಲಿ 1972ರಲ್ಲಿ ಡಿಡಿಟಿ ನಿಷೇಧವಾಯಿತು. ಡೇಗೆ ಪಳಗಿಸುವವರು ಮತ್ತು ವಿಜ್ಞಾನಿಗಳು ಕೂಡಿ ಸಾವಿರಾರು ಮರಿ ಸಾಕಿ ಬಿಟ್ಟರು. 1999ರಲ್ಲಿ ಹಕ್ಕಿಯನ್ನು ಅಳಿವಿನಂಚಿನ ಪಟ್ಟಿಯಿಂದ ಕೈಬಿಟ್ಟರು.

ಈ ಕಥೆಯಲ್ಲಿ ನನಗೆ ಬಹಳ ಹಿಡಿಸುವ ಭಾಗ ಬೇರೆ. ಬ್ರಿಟನ್ನಿನಲ್ಲಿ ಪಂದ್ಯದ ಪಾರಿವಾಳ ಸಾಕುವವರಿಗೂ ಫಾಲ್ಕನ್‌ಗೂ ಹಳೇ ಹಗೆ. 1940ರಲ್ಲಿ ಯುದ್ಧದ ಸಂದೇಶ ಒಯ್ಯುವ ಪಾರಿವಾಳಗಳನ್ನು ಉಳಿಸಲು ಸರ್ಕಾರವೇ ಫಾಲ್ಕನ್ ಕೊಲ್ಲಲು ಆದೇಶ ಹೊರಡಿಸಿತು, ಸುಮಾರು 600 ಹಕ್ಕಿ ಸತ್ತವು. ಯುದ್ಧ ಮುಗಿದು ಕಾನೂನಿನ ರಕ್ಷಣೆ ಮರಳಿದ ಮೇಲೆ, 1960ರಲ್ಲಿ, ಪಾರಿವಾಳದವರು ಮತ್ತೆ ಸರ್ಕಾರದ ಬಾಗಿಲಿಗೆ ಹೋದರು. ಫಾಲ್ಕನ್ ವಿಪರೀತ ಹೆಚ್ಚಿವೆ, ರಕ್ಷಣೆ ತೆಗೆಯಿರಿ ಎಂಬುದು ಅವರ ದೂರು. ನಿಜವೋ ಸುಳ್ಳೋ ನೋಡೋಣ ಎಂದು ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿಯ ಮುಂದಾಳತ್ವದಲ್ಲಿ ಎಣಿಕೆ ನಡೆಯಿತು. ಎಣಿಸಲು ಹೋದರೆ ಹಕ್ಕಿ ಹೆಚ್ಚುವುದಿರಲಿ ಬಹಳ ಕಡಿಮೆಯಾಗಿತ್ತು, ಹಳೇ ಗೂಡುಗಳಲ್ಲಿ ಹಲವು ಖಾಲಿ. ಮುಂದೆ ಅವರೇ, ಮೊಟ್ಟೆ ಕದ್ದು ಕೂಡಿಡುವ ಹವ್ಯಾಸಿಗಳ ಪೆಟ್ಟಿಗೆಗಳಲ್ಲಿದ್ದ ಹಳೇ ಚಿಪ್ಪುಗಳನ್ನೂ ಹೊಸವನ್ನೂ ತೂಗಿ ನೋಡಿ, 1947ರ ಸುಮಾರಿಗೆ ಚಿಪ್ಪು ಒಮ್ಮೆಲೇ ತೆಳ್ಳಗಾಗಿದ್ದನ್ನು 1967ರಲ್ಲಿ ಪ್ರಕಟಿಸಿದರು. ಹಕ್ಕಿಯ ವೈರಿಗಳು ಕೊಟ್ಟ ದೂರು ಎಣಿಕೆಗೆ ಹಚ್ಚಿತು, ಮೊಟ್ಟೆ ಕಳ್ಳರ ಪೆಟ್ಟಿಗೆ ಕಾರಣ ತೋರಿಸಿತು.

ನಮ್ಮಲ್ಲೂ ಗೂಡಿಗೆ ಕ್ಯಾಮೆರಾ ಇಡೋಣ ಎನ್ನುವವರಿದ್ದಾರೆ. ನಾನು ಬೇಡ ಎನ್ನುತ್ತೇನೆ. ಮುಖ್ಯ ಕಾರಣ ಬಿಸಿಲು. ತಣ್ಣನೆ ದೇಶದಲ್ಲಿ ತಾಯಿ ಎದ್ದು ಹೋದರೆ ಮೊಟ್ಟೆ ನಿಧಾನ ತಣ್ಣಗಾಗುತ್ತದೆ, ಅವಳು ವಾಪಸು ಬರುವವರೆಗೆ ಸ್ವಲ್ಪ ಹೊತ್ತು ಸಿಗುತ್ತದೆ. ಶಾಹೀನ್ ಮೊಟ್ಟೆ ಇಡುವುದು ಸಾಮಾನ್ಯವಾಗಿ ಚಳಿಗಾಲದ ಕೊನೆಗೆ. ಕಾವಿಗೆ ಒಂದು ತಿಂಗಳು, ಮರಿ ಹಾರಲು ಮತ್ತೆ ಆರು ವಾರ. ಅಂದರೆ ಮೊಟ್ಟೆಯೂ ಎಳೆ ಮರಿಯೂ ಸರಿಯಾಗಿ ನಮ್ಮ ಬಿಸಿಲಿನ ಬಾಯಿಗೆ ಬರುತ್ತವೆ. ಮಾರ್ಚ್ ಕೊನೆಗೆ ಕಲಬುರಗಿಯ ಮಧ್ಯಾಹ್ನ 38-40 ಡಿಗ್ರಿ. ಬಿಸಿಲು ಹೊಡೆದ ಕಾಂಕ್ರೀಟು ಅದಕ್ಕಿಂತ ಸುಡುತ್ತದೆ. ಆ ಹೊತ್ತಿನಲ್ಲಿ ತಾಯಿ ಕೂರುವುದು ಕಾವು ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ನಾನು ದೂರದ ಮಾಳಿಗೆಯಿಂದ ಸ್ಪಾಟಿಂಗ್ ಸ್ಕೋಪ್ ಎಂಬ ದುರ್ಬೀನಿನಲ್ಲಿ ನೋಡಿದ್ದೇನೆ. ಹನ್ನೆರಡೂವರೆಗೆ ಸೂರ್ಯ ಅಂಚಿಗೆ ಬರುತ್ತಿದ್ದಂತೆ ಅವಳು ಎದ್ದು ನಿಂತಳು, ಸೂರ್ಯನಿಗೆ ಬೆನ್ನು ಕೊಟ್ಟು ರೆಕ್ಕೆ ಅರ್ಧ ಇಳಿಬಿಟ್ಟಳು, ಬಾಯಿ ತೆರೆದು ಗಂಟಲು ಅದುರಿಸುತ್ತ ಒಂದೂಮುಕ್ಕಾಲು ಗಂಟೆ ಹಾಗೇ ನಿಂತಳು. ನೆರಳು ಸರಿದಂತೆ ಒಂದೊಂದು ಹೆಜ್ಜೆ ಸರಿದಳು. ಗಂಡು ನಡುವೆ ಒಮ್ಮೆ ಬಂದು ಕರೆಯಿತು, ಅವಳು ಕದಲಲಿಲ್ಲ. ಅಂಥ ಹೊತ್ತಿನಲ್ಲಿ ಯಾರೋ ಕ್ಯಾಮೆರಾದ ವೈರು ಸರಿಮಾಡಲು ಮೇಲೆ ಹತ್ತಿದರೆ, ಅವಳು ಹಾರಿದ ಅರ್ಧ ಗಂಟೆಯಲ್ಲಿ ಮೊಟ್ಟೆ ಬೇಯುತ್ತದೆ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಎರಡು ವರ್ಷದ ಹಿಂದೆ ಊರ ಹೊರಗಿನ ಒಂದು ಎತ್ತರದ ಮರದಲ್ಲಿ, ಕಾಗೆ ಬಿಟ್ಟುಹೋದ ಗೂಡಿನಲ್ಲಿ, ತುರುಮ್ತಿ ಜೋಡಿ ಕಾವು ಕೂತಿತ್ತು. ಅದೂ ಫಾಲ್ಕನ್ ಜಾತಿಯದೇ, ತಲೆ ಕೆಂಪಗೆ, ಸುಮಾರು ಪಾರಿವಾಳದಷ್ಟು ಉದ್ದ. ಒಂದು ಒಳ್ಳೆಯ ಫೋಟೋ ಸಿಕ್ಕಿತು. ಜಾಗದ ಹೆಸರು ಹಾಕದೆ ಒಂದು ಗುಂಪಿಗೆ ಕಳಿಸಿದೆ, ಬಹಳ ಜಾಣತನ ಮಾಡಿದೆ ಅಂದುಕೊಂಡೆ. ಚಿತ್ರದ ಮೂಲೆಯಲ್ಲಿ ಒಂದು ಗುಡಿಯ ಕಳಸ ಇದ್ದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಮರದ ಕೆಳಗೆ ನಾಲ್ಕು ಕಾರು, ಏಳೆಂಟು ಉದ್ದನೆಯ ಲೆನ್ಸು. ಯಾರೂ ಕೆಟ್ಟವರಲ್ಲ, ಇಬ್ಬರು ಪರಿಚಯದವರೇ. ಹಾರುವ ಚಿತ್ರ ಬೇಕೆಂದು ಒಬ್ಬ ಚಪ್ಪಾಳೆ ತಟ್ಟುತ್ತಿದ್ದ. ಹಕ್ಕಿ ಎದುರಿನ ಕಂಬದ ಮೇಲೆ ಕೂತು ಕೂಗುತ್ತಲೇ ಇತ್ತು, ಗೂಡಿಗೆ ಹೋಗಲಿಲ್ಲ. ಬಿಸಿಲು ಏರಿತು. ಬುಧವಾರ ಹೋದಾಗ ಮರದಲ್ಲಿ ಕಾಗೆಗಳಿದ್ದವು. ಆ ಫೋಟೋಗೆ 312 ಲೈಕು ಬಂದಿದ್ದವು, ಸಂಖ್ಯೆ ಇನ್ನೂ ನೆನಪಿದೆ.

ಕಾನೂನು ಸಡಿಲವಾಗಿದೆ ಅಂತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪೆರೆಗ್ರಿನ್ ಫಾಲ್ಕನ್ ಮೊದಲನೇ ಅನುಸೂಚಿಯಲ್ಲಿದೆ, ಹುಲಿಯ ಸಾಲಿನಲ್ಲಿ. ಹಕ್ಕಿಗಳ ವಿಷಯದಲ್ಲಿ ಬೇಟೆ ಎಂಬ ಪದದ ಅರ್ಥದೊಳಗೆ ಮೊಟ್ಟೆ ಹಾಳುಮಾಡುವುದು, ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರುತ್ತದೆ. ಶಿಕ್ಷೆ ಮೂರರಿಂದ ಏಳು ವರ್ಷ ಸೆರೆವಾಸ, 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ಅಂದರೆ ಹಾರಿಸಲು ಚಪ್ಪಾಳೆ ತಟ್ಟುವವನೂ, ಅಂಚಿನ ಎದುರು ಡ್ರೋನ್ ನಿಲ್ಲಿಸುವವನೂ ಈ ವ್ಯಾಖ್ಯೆಯೊಳಗೆ ಬರಬಹುದು. ಆದರೆ ಗೂಡು ಎಲ್ಲಿದೆ ಎಂಬುದೇ ಇಲಾಖೆಗೆ ಗೊತ್ತಿಲ್ಲದಾಗ ಕಾಯ್ದೆ ಯಾರನ್ನು ಕಾಯುತ್ತದೆ? ಮುಚ್ಚಿಟ್ಟರೆ ಸಾಕು ಎನ್ನುವ ಹಕ್ಕಿಪ್ರೇಮಿಗಳ ವಾದ ಇಲ್ಲೇ ಕುಸಿಯುತ್ತದೆ. ಕಾಡಿನ ಬಂಡೆಯ ಗೂಡನ್ನು ಮುಚ್ಚಿಡಬಹುದು. ಊರಿನ ಗೂಡಿಗೆ ಆಪತ್ತು ತರುವವರಲ್ಲಿ ಹೆಚ್ಚಿನವರಿಗೆ ಅಲ್ಲಿ ಗೂಡಿದೆ ಎಂದೇ ಗೊತ್ತಿರುವುದಿಲ್ಲ. ಬಣ್ಣ ಬಳಿಯುವವನಿಗೆ ಗೊತ್ತಿರುವುದಿಲ್ಲ. ಬೇಸಿಗೆ ಬಂತೆಂದು ಟಾಕಿ ತೊಳೆಯಲು ಹತ್ತುವವನಿಗೂ, ಟವರಿನ ರಿಪೇರಿಯವನಿಗೂ ಗೊತ್ತಿರುವುದಿಲ್ಲ. ಇವರೆಲ್ಲರಿಗಿಂತ ಅಪಾಯ ಹೆಜ್ಜೇನು ಓಡಿಸುವವರದು. ಎತ್ತರದ ಟಾಕಿಗಳ ಹೊಟ್ಟೆಗೆ ಹೆಜ್ಜೇನು ಕಟ್ಟುವುದು ನಮ್ಮ ಕಡೆ ಮಾಮೂಲು, ರಾತ್ರಿ ಪಂಜು ಹಿಡಿದು ಹೊಗೆ ಹಾಕುವುದೂ ಮಾಮೂಲು. ಆ ಹೊಗೆ ಮೇಲಕ್ಕೇ ಏರುತ್ತದೆ.

ಇನ್ನೊಂದು ಸಂಗತಿ. ಈ ಹಕ್ಕಿಗೆ ಕೆಳಗಿನ ಗದ್ದಲ ಲೆಕ್ಕಕ್ಕಿಲ್ಲ. ಕೆಳಗೆ ಮದುವೆ ಮೆರವಣಿಗೆಯ ಬ್ಯಾಂಡು ಬಾರಿಸಿದರೂ, ಡಿಜೆ ಹಚ್ಚಿದರೂ ತಿರುಗಿ ನೋಡುವುದಿಲ್ಲ. ಬಂಡೆಯ ಹಕ್ಕಿಗೆ ಶತ್ರು ಬರುವುದು ಮೇಲಿನಿಂದ ಅಥವಾ ಸಮಮಟ್ಟದಿಂದ. ಅದೇ ಎತ್ತರದಲ್ಲಿ ಒಂದು ತಲೆ ಇಣುಕಿದರೆ ಸಾಕು, ಕ್ಯಾಕ್ ಕ್ಯಾಕ್ ಕ್ಯಾಕ್ ಎಂದು ಕರ್ಕಶವಾಗಿ ಕೂಗುತ್ತ ಏಳುತ್ತದೆ. ನೋಡುವವರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಡ. ಅದು ನಿಮ್ಮನ್ನು ನೋಡಿ ಕೂಗಿದರೆ ನೀವು ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ.

ಹಾಗಾಗಿ ನನ್ನ ಮಾತು ಇಷ್ಟೇ: ಗೂಡಿನ ಸುದ್ದಿ ಓಣಿಗೆ ಗೊತ್ತಿರಬೇಕು, ಜಾಲಕ್ಕೆ ಗೊತ್ತಿರಬಾರದು. ದೂರದ ಸಾವಿರ ಮಂದಿಗಿಂತ ಕೆಳಗೆ ದಿನಾ ಓಡಾಡುವ ಹತ್ತು ಮಂದಿ ಬೇಕು. ಹಕ್ಕಿ ನೋಡುವ ನಮ್ಮಂಥವರು ಇದರ ತದ್ವಿರುದ್ಧ ಮಾಡುತ್ತೇವೆ. ಗುಂಪಿನಲ್ಲಿ ಫೋಟೋ ಹಾಕುತ್ತೇವೆ, ಕೆಳಗಿನ ಕಾವಲುಗಾರನ ಜತೆ ಮಾತಾಡುವುದಿಲ್ಲ. ಕಂಡ ಹಕ್ಕಿಗಳ ಲೆಕ್ಕ ಇಡುವ ಇಬರ್ಡ್‌ನಂಥ ಜಾಲತಾಣಕ್ಕೆ ದಾಖಲೆ ಬೇಕೇ ಬೇಕು, ಅದಿಲ್ಲದೆ ಎಷ್ಟಿವೆ ಎಷ್ಟು ಹೋದವು ತಿಳಿಯುವುದಿಲ್ಲ. ಮರಿ ಹಾರಿಹೋದ ಮೇಲೆ, ಮೇ ಕೊನೆಗೆ ಹಾಕಿದರೆ ವಿಜ್ಞಾನಕ್ಕೆ ಯಾವ ನಷ್ಟವೂ ಇಲ್ಲ.

ನಮ್ಮ ಓಣಿಯಲ್ಲಿ ಸುದ್ದಿ ಹೇಳಲು ಹೊರಟಾಗ ನನಗೆ ಅಂಜಿಕೆ ಇದ್ದದ್ದು ಒಬ್ಬರದೇ. ನಾಲ್ಕು ಮನೆ ಆಚೆಗಿನ ಚಾಚಾ. ಮಾಳಿಗೆ ಮೇಲೆ ಅರವತ್ತಕ್ಕೂ ಹೆಚ್ಚು ಕಬೂತರ್, ಅಂದರೆ ಪಾರಿವಾಳ, ಅವು ಇಳಿದು ಕೂರಲು ಬಿದಿರಿನ ಛತ್ರಿ, ಸಂಜೆಯಾದರೆ ಸೀಟಿ. ಹೇಗೆ ಶುರು ಮಾಡಲಿ ಎಂದು ತಡವರಿಸುತ್ತ, "ಚಾಚಾ, ಅಲ್ಲಿ ಮ್ಯಾಲೆ ಒಂದು ಹದ್ದು..." ಎಂದೆ.

"ಹದ್ದಲ್ರಿ ಸರ್, ಶಾಹೀನ್ ಅದು. ಹದ್ದಿಗಿ ನಮ್ಮ ಕಬೂತರ್ ಅಂಜಂಗಿಲ್ಲ. ಇದು ಬಂತಂದ್ರ ಇಡೀ ಗುಂಪು ಕಲ್ಲು ಒಗದಂಗ ಕೆಳಗ ಇಳೀತದ. ಡಿಸೆಂಬರ್‌ದಾಗೇ ಬಂದಾವ, ನೀವು ಈಗ ನೋಡಲತ್ತೀರಿ."

ನನಗಿಂತ ಮೂರು ತಿಂಗಳು ಮೊದಲೇ ಅವರಿಗೆ ಗೊತ್ತಿತ್ತು. ಗಂಡು ಯಾವ ದಿಕ್ಕಿನಿಂದ ಬರುತ್ತದೆ, ಮುಂಜಾನೆ ಸೂರ್ಯ ಹುಟ್ಟುವ ಮೊದಲು ಒಂದು ಬೇಟೆ, ಸಂಜೆ ಐದೂವರೆಯ ಮೇಲೆ ಒಂದು, ನಡು ಹಗಲು ಹೆಚ್ಚಾಗಿ ಸುಮ್ಮನೆ, ಎಲ್ಲ ಬಾಯಿಪಾಠ. ಹಾಗಾಗಿ ಅವರು ತಮ್ಮ ಹಕ್ಕಿ ಬಿಡುವ ಹೊತ್ತನ್ನೇ ಬದಲಿಸಿದ್ದರು, ಒಂಬತ್ತರ ನಂತರ ಬಿಟ್ಟು ನಾಲ್ಕಕ್ಕೆ ಇಳಿಸುತ್ತಿದ್ದರು. ಆದರೂ ಎರಡು ಹೋಗಿದ್ದವು. "ಒಂದು ಸಾದಾ ಇತ್ತು, ಹೋಗಲಿ. ಇನ್ನೊಂದಕ್ಕ ಹೈದ್ರಾಬಾದಿಂದ ಬಂದವರು ರೊಕ್ಕ ಕೊಡ್ತೀನಂದ್ರೂ ಕೊಟ್ಟಿರಲಿಲ್ಲ. ಚಿರತಿ ದನ ತಿಂದ್ರ ಸರ್ಕಾರ ಪರಿಹಾರ ಕೊಡ್ತದ, ನನಗ್ಯಾರು ಕೊಡ್ತಾರ?" ಪ್ರಶ್ನೆಯಲ್ಲಿ ನ್ಯಾಯವಿದೆ. ನನ್ನ ಬಳಿ ಉತ್ತರ ಇರಲಿಲ್ಲ. ಕವಣೆ ಎತ್ತಿಕೊಳ್ಳಲು ಕಾರಣ ಇರುವ ಮನುಷ್ಯ, ಎತ್ತಿಕೊಂಡಿಲ್ಲ. ಅಳುಕುತ್ತ ಯಾಕೆ ಎಂದು ಕೇಳಿದೆ. "ಅದರ ಆಟನೂ ನೋಡ್ಬೇಕಲ್ರಿ" ಎಂದರು.

ಬ್ರಿಟನ್ನಿನ 1960 ನನಗೆ ನೆನಪಾದದ್ದು ಆಗಲೇ. ಪಾರಿವಾಳದವರು ಅಲ್ಲಿ ಹಕ್ಕಿಯ ಸಂಖ್ಯೆ ಹೆಚ್ಚಿದೆ ಎಂದು ತಪ್ಪು ಹೇಳಿದರು ನಿಜ, ಆದರೆ ಆಕಾಶವನ್ನು ದಿನಾ ತಲೆಯೆತ್ತಿ ನೋಡುತ್ತಿದ್ದವರು ಅವರು. ನಮ್ಮ ಕಲಬುರಗಿ, ಬೀದರ್‌ಗಳ ಹಳೇ ಮೊಹಲ್ಲಾಗಳಲ್ಲಿ ಕಬೂತರ್ ಸಾಕುವ ಮಾಳಿಗೆ ಇನ್ನೂ ಉಳಿದಿವೆ. ಶಾಹೀನ್, ಬಾಜ್, ತುರುಮ್ತಿ ಎಂಬ ಮೂರು ಹೆಸರನ್ನು ಮೂರು ಹಕ್ಕಿಗೆ ಸರಿಯಾಗಿ ಹೇಳುವವರು ಈಗ ಆ ಮಾಳಿಗೆಗಳ ಮೇಲೆಯೇ ಇದ್ದಾರೆ. ಅರಣ್ಯ ಇಲಾಖೆ ಹಕ್ಕಿ ಎಣಿಕೆಗೆ ಕಾಲೇಜು ಹುಡುಗರನ್ನು ಕರೆಯುತ್ತದೆ, ಒಳ್ಳೆಯದು. ಇವರನ್ನೂ ಒಮ್ಮೆ ಕರೆದು ಚಹಾ ಕೊಟ್ಟು ಕೇಳಬೇಕು.

ಗಾಳಿಪಟದ ಮಾತು ಮರೆಯಬಾರದು. ಸಂಕ್ರಮಣದ ಹೊತ್ತಿಗೆ ನಮ್ಮ ಆಕಾಶ ತುಂಬ ಪಟ, ಶಾಹೀನ್ ಜೋಡಿ ಕೂಡಿ ಆಟವಾಡುವ ಕಾಲವೂ ಅದೇ. ಗಂಡು ಬೇಟೆಯನ್ನು ಕಾಲಿನಲ್ಲಿ ತರುತ್ತದೆ, ಹೆಣ್ಣು ಕೆಳಗಿನಿಂದ ಮಗುಚಿ ಹಾರಿ ಗಾಳಿಯಲ್ಲೇ ಅದನ್ನು ಇಸಿದುಕೊಳ್ಳುತ್ತದೆ. ಆ ವೇಗದಲ್ಲಿ ನೈಲಾನ್ ದಾರ ಕಾಣುವುದಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದುದ್ದಕ್ಕೂ ನೈಲಾನ್ ಮಾಂಜಾ ನಿಷೇಧಿಸಿದೆ. ಅಂಗಡಿಯ ಮುಂದೆ ಹತ್ತಿ ದಾರ, ಒಳಗೆ ಕೇಳಿದರೆ ಇನ್ನೊಂದು. ಫೆಬ್ರವರಿಯಲ್ಲೂ ಬೇವಿನ ಮರಗಳಿಂದ ಅದು ಜೋತಾಡುತ್ತಿರುತ್ತದೆ, ಕೊಳೆಯುವುದಿಲ್ಲ.

ಡಿಡಿಟಿ ನಮ್ಮಲ್ಲಿ ಕೃಷಿಗೆ ನಿಷೇಧವಾದದ್ದು 1989ರಲ್ಲಿ, ಸೊಳ್ಳೆ ಮತ್ತಿತರ ರೋಗ ಹರಡುವ ಕೀಟಗಳ ನಿಯಂತ್ರಣಕ್ಕೆ ಅದರ ಬಳಕೆ ಉಳಿಯಿತು. ಈ ಸೀಮೆಯಲ್ಲಿ ಈಗಿನ ಚಿಂತೆ ಬೇರೆ. ಇದು ತೊಗರಿ ನಾಡು. ಹೂ ಬಿಡುವ ಹೊತ್ತಿಗೆ ಕಾಯಿಕೊರಕ ಬಿದ್ದರೆ ರೈತನ ವರ್ಷವೇ ಹೋಯಿತು, ಅವನು ಮೂರು ಸಲ, ನಾಲ್ಕು ಸಲ ಔಷಧ ಹೊಡೆಯುತ್ತಾನೆ, ಹೊಡೆಯದೆ ಏನು ಮಾಡಿಯಾನು? ಆ ಹೊಲದ ಹುಳ ತಿಂದ ಮೈನಾ ತೂಕಡಿಸುತ್ತ ಹಾರುತ್ತದೆ, ತೂಕಡಿಸುವ ಹಕ್ಕಿಯನ್ನೇ ಫಾಲ್ಕನ್ ಮೊದಲು ಹಿಡಿಯುತ್ತದೆ. ಹೀಗಾಗುತ್ತದೆ ಎಂಬುದಕ್ಕೆ ದೂರದ ಸಾಕ್ಷಿ ಅರ್ಜೆಂಟೀನಾದಲ್ಲಿದೆ. 1995-96ರಲ್ಲಿ ಮಿಡತೆಗೆ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಹೊಡೆದ ಹೊಲಗಳಲ್ಲಿ ಸ್ವೇನ್‌ಸನ್ ಗಿಡುಗಗಳು ಸತ್ತು ಬಿದ್ದವು, ಅಂದಾಜು 20,000. ನಮ್ಮ ರಣಹದ್ದುಗಳ ಕಥೆಯೂ ಇದರ ಅಣ್ಣತಮ್ಮನೇ, ಅಲ್ಲಿ ವಿಷ ದನದ ಔಷಧ ಡೈಕ್ಲೋಫೆನಾಕ್. 2006ರಲ್ಲಿ ನಿಷೇಧಿಸುವ ಹೊತ್ತಿಗೆ ರಣಹದ್ದು ಕಾಣದ ಊರುಗಳೇ ಹೆಚ್ಚಾಗಿದ್ದವು. ಓಣಿಯ ಕಾವಲಿನಿಂದ ಈ ವಿಷ ತಪ್ಪುವುದಿಲ್ಲ, ನಾನು ಹಾಗೆ ನಂಬಿಸುವುದೂ ಇಲ್ಲ. ಆದರೆ ಗೂಡಿನಲ್ಲಿ ಮೊಟ್ಟೆಯಿಂದ ಮರಿ ಬರಲಿಲ್ಲ, ಬಂದ ಮರಿ ಏಳಲಿಲ್ಲ ಎಂಬುದನ್ನು ವರ್ಷ ವರ್ಷ ಗಮನಿಸುವವರು ಇದ್ದರೆ ತಾನೇ ವಿಷದ ಸುಳಿವು ಸಿಗುವುದು?

ಉಳಿದದ್ದು ಸಣ್ಣ ಕೆಲಸಗಳು. ನಮ್ಮ ಗೂಡಿನ ಕಟ್ಟಡದ ಕಾವಲುಗಾರನಿಗೆ ಹೇಳಿದ್ದಕ್ಕೆ ಅವನು ಮೇಲಿನವರಿಗೆ ಹೇಳಿ ಬಣ್ಣದ ಕೆಲಸ ಮೇ ತಿಂಗಳಿಗೆ ಹಾಕಿಸಿದ. ಹೆಜ್ಜೇನಿನವರು ಬಂದಾಗ ಅವನೇ ವಾಪಸು ಕಳಿಸಿದ. ಅಂಚಿನಲ್ಲಿ ಮಳೆನೀರು ನಿಲ್ಲುತ್ತದೆ, ಹರಳಿಲ್ಲ. ಅಲ್ಲೊಂದು ತೂತು ಕೊರೆದ ತಟ್ಟೆಯಲ್ಲಿ ಹರಳು ತುಂಬಿ ಇಡಬೇಕು, ಹಕ್ಕಿ ಇಲ್ಲದ ಆಗಸ್ಟ್-ಸೆಪ್ಟೆಂಬರಿನಲ್ಲಿ, ಇಲಾಖೆಯ ಒಪ್ಪಿಗೆ ಪಡೆದು. ಅರ್ಜಿ ಬರೆದಿದ್ದೇನೆ.

ಏಪ್ರಿಲ್ ಎರಡನೇ ವಾರ ಮಧ್ಯಾಹ್ನ ಕಾವಲುಗಾರ ಫೋನ್ ಮಾಡಿದ. "ಸರ್, ಒಂದು ಮರಿ ಕೆಳಗ ಬಿದ್ದದ. ನಾಯಿ ಬರಲತ್ತಾವ." ನಾನು ಕ್ಲಾಸಿನಲ್ಲಿದ್ದೆ. ಮೊದಲ ಹಾರಾಟದಲ್ಲಿ ಮರಿ ನೆಲಕ್ಕಿಳಿಯುವುದು ಸಹಜ, ಬಯಲು ಸೀಮೆಯ ಊರಿನಲ್ಲಿ ಅದಕ್ಕೆ ಮತ್ತೆ ಮೇಲೇರಲು ಕಲ್ಲಿನ ಮೆಟ್ಟಿಲುಗಳಿರುವುದಿಲ್ಲ. ನೀರು ಕುಡಿಸಬೇಡ, ಏನೂ ತಿನ್ನಿಸಬೇಡ, ಟವೆಲ್ ಹಾಕಿ ಹಿಡಿದು ರಟ್ಟಿನ ಡಬ್ಬಿಯಲ್ಲಿಡು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಹಚ್ಚು ಎಂದೆ. ನಾನು ಹೋಗುವಷ್ಟರಲ್ಲಿ ಅರಣ್ಯ ಇಲಾಖೆಯ ಗಾರ್ಡ್ ಬಂದಿದ್ದ. ಅವನಿಗೂ ಮೊದಲು ಚಾಚಾ ಬಂದಿದ್ದರು. ಮರಿಯನ್ನು ಹಿಡಿದದ್ದು ಅವರೇ. ಕಬೂತರ್ ಹಿಡಿದು ಹಿಡಿದು ಪಳಗಿದ ಕೈ, ರೆಕ್ಕೆ ಎರಡನ್ನೂ ಮೈಗೆ ಒತ್ತಿ, ಕಾಲು ಬೆರಳ ಸಂದಿನಲ್ಲಿ ಸಿಕ್ಕಿಸಿಕೊಂಡು. ಉಗುರು ಅವರ ಹೆಬ್ಬೆಟ್ಟಿಗೆ ಇಳಿದು ರಕ್ತ ಬಂದಿತ್ತು.

ಮೂಳೆ ಮುರಿದಿಲ್ಲ ಎಂದು ಖಾತ್ರಿ ಮಾಡಿಕೊಂಡು ಪಕ್ಕದ ಮೂರಂತಸ್ತಿನ ಮಾಳಿಗೆಯ ನೆರಳಿನ ಮೂಲೆಯಲ್ಲಿ ಡಬ್ಬಿ ಇಟ್ಟು, ಅದರ ಬಾಯಿ ತೆರೆದು, ಎಲ್ಲರೂ ಕೆಳಗಿಳಿದೆವು. ಆರೂಕಾಲಿಗೆ ಹೆಣ್ಣು ಬಂತು. ಕಾಲಿನಲ್ಲಿ ಬಿಳಿ ಹಕ್ಕಿಯೊಂದು ಇತ್ತು. ಚಾಚಾ ಕಣ್ಣು ಕಿರಿದು ಮಾಡಿ ನೋಡಿದರು, ನಾವೆಲ್ಲ ಅವರ ಮುಖ ನೋಡಿದೆವು.

"ನಮ್ದಲ್ಲ ಬಿಡ್ರಿ" ಎಂದರು.